ಹವಳಗಲ್ಲಿನ ದಡದಲ್ಲಿ ನಾಲ್ಕು ದಿನ

ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತಾ ನಮ್ಮ ಹೊನ್ನಾವರಕ್ಕೆ ಬಂದಿದ್ದ ಅಂತ ಶಾಲೆಯಲ್ಲಿ ಮೇಷ್ಟ್ರು ಹೇಳಿದಾಗ ನಾವ್ಯಾರೂ ನಂಬಿರಲಿಲ್ಲ. ಆಮೇಲೆ ನೋಡಿದರೆ ನಿಜವೇ. 1340ರ ದಶಕದಲ್ಲಿ ಬಂದವನು ಇಲ್ಲಿ ಹೆಣ್ಣುಮಕ್ಕಳ 13 ಶಾಲೆ, ಗಂಡುಮಕ್ಕಳ 23 ಶಾಲೆ ಕಂಡೆ ಎಂದು ಬರೆದಿಟ್ಟಿದ್ದಾನೆ. ಅದಕ್ಕೂ ಹತ್ತು ಹನ್ನೆರಡು ವರ್ಷ ಮೊದಲು, 1331ರಲ್ಲಿ, ಅದೇ ಮನುಷ್ಯ ಆಫ್ರಿಕಾದ ಪೂರ್ವ ಕರಾವಳಿಯಲ್ಲಿ ಕಿಲ್ವಾ ಎಂಬ ದ್ವೀಪದಲ್ಲಿ ಇಳಿದಿದ್ದ. ಇಷ್ಟು ಚೆಂದದ ಊರು ಅಪರೂಪ ಎಂದು ಹೊಗಳಿದ್ದ. ನಮ್ಮೂರನ್ನು ನೋಡಿದ ಕಣ್ಣು ನೋಡಿದ ಇನ್ನೊಂದು ಊರು! ಅದನ್ನು ಒಮ್ಮೆ ನೋಡಬೇಕು ಅನ್ನುವ ಹುಚ್ಚು ಅಂದಿನಿಂದ ಇತ್ತು.

ಅಕ್ಕ, ಭಾವ ತಾಂಜಾನಿಯಾದ ದಾರ್ ಎಸ್ ಸಲಾಮಿನಲ್ಲಿ ಇದ್ದಾರೆ. ಆಗಸ್ಟಿನಲ್ಲಿ ಅವರಲ್ಲಿಗೆ ಹೋದಾಗ ಅಕ್ಕ ಜಾಂಜಿಬಾರ್ ಟಿಕೆಟ್ ನೋಡುತ್ತಿದ್ದಳು. ನಾನು ಕಿಲ್ವಾ ಅಂದೆ.

"ಅಲ್ಲಿ ಕಲ್ಲು ಬಿಟ್ರೆ ಏನಿಲ್ಲ ತಂಗಿ," ಅಂದರು ಭಾವ.

"ಕಲ್ಲೇ ನೋಡ್ಬೇಕು," ಅಂದೆ. ಅಷ್ಟಕ್ಕೇ ಕಾರು ದಕ್ಷಿಣಕ್ಕೆ ತಿರುಗಿತು.

ಮೊದಲ ದಿನ

ದಾರ್‌ನಿಂದ ಕಿಲ್ವಾ ಮಸೋಕೊಗೆ ಮುನ್ನೂರು ಕಿಲೋಮೀಟರಿಗೂ ತುಸು ಹೆಚ್ಚು. ಬೆಳಗ್ಗೆ ಐದೂವರೆಗೆ ಹೊರಟರೂ ಊರು ದಾಟುವಷ್ಟರಲ್ಲಿ ಏಳು. ಆಮೇಲಿನ ದಾರಿ ನೇರ. ರುಫಿಜಿ ನದಿಯ ಮೇಲೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಉದ್ದದ ಮ್ಕಾಪಾ ಸೇತುವೆ. 2003ರಲ್ಲಿ ಅದು ಆಗುವ ತನಕ ಇಲ್ಲಿ ಗಾಡಿ ದಾಟಿಸುವ ಜಂಗಲ್ ದೋಣಿಯೇ ಗತಿಯಾಗಿತ್ತಂತೆ. ಶರಾವತಿ ದಡದವರಿಗೆ ಆ ಕಾಯುವಿಕೆ ಬಿಡಿಸಿ ಹೇಳಬೇಕಿಲ್ಲ. ಸೇತುವೆ ದಾಟಿದ ಮೇಲೆ ರಸ್ತೆಯ ಇಕ್ಕೆಲಕ್ಕೂ ಗೇರುಮರಗಳು. ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಬೀಜ, ನಮ್ಮಲ್ಲಿಗೂ ಇವರಲ್ಲಿಗೂ. ಈಗ ಇಲ್ಲಿಯ ಹಸಿ ಗೇರುಬೀಜ ಮಂಗಳೂರಿನ ಕಾರ್ಖಾನೆಗಳಿಗೆ ಹಡಗು ಹತ್ತುತ್ತದೆ.

ಸ್ವಾಹಿಲಿ ಕಿವಿಗೆ ಬಿದ್ದಾಗ ನಡುನಡುವೆ ನಮ್ಮ ಮಾತೇ ತೇಲಿ ಬಂದಂತಾಗುತ್ತದೆ. ಕಾರು ಅಂದರೆ 'ಗಾರಿ', ನಮ್ಮ ಗಾಡಿ. ದುಡ್ಡು 'ಪೇಸಾ'. ಚಹಾ 'ಚಾಯ್'. ಲಾಡ್ಜಿನಲ್ಲಿ ಬಾಡಿಗೆ 'ಲಾಕಿ ಮೋಜಾ' ಎಂದಾಗ ನಾನು ಅಕ್ಕನ ಮುಖ ನೋಡಿದೆ. ಒಂದು ಲಕ್ಷ! ಶಿಲ್ಲಿಂಗು ಅಷ್ಟು ಸಣ್ಣದು, ಎಣಿಕೆ ಮಾತ್ರ ನಮ್ಮದೇ.

ಮಸೋಕೊ ಎಂಬುದು ಈಗಿನ ಊರು. ಮಾರುಕಟ್ಟೆ, ಬಸ್‌ಸ್ಟ್ಯಾಂಡು, ಒಂದು ಜೆಟ್ಟಿ. ಹಳೆಯ ಕಿಲ್ವಾ ಎದುರಿನ ದ್ವೀಪದಲ್ಲಿದೆ. ಅದರ ಹೆಸರು ಕಿಲ್ವಾ ಕಿಸಿವಾನಿ, ಅಂದರೆ ದ್ವೀಪದ ಕಿಲ್ವಾ. ಅಲ್ಲಿಗೆ ಹೋಗಲು ಮೊದಲು ಮಸೋಕೊದಲ್ಲಿ ಪರವಾನಗಿ ಚೀಟಿ ಮಾಡಿಸಬೇಕು. ಭಾವ ಗಾಡಿ ನಿಲ್ಲಿಸಲು ಹೋಗಿದ್ದರು. ಗೈಡ್ ನನಗೇ ಒಂದು ಬೆರಳು ತೋರಿಸಿ, ನಾಳೆ 'ಸಾ ಮೋಜಾ'ಕ್ಕೆ ಜೆಟ್ಟಿಗೆ ಬನ್ನಿ ಅಂದ. ಸಾ ಮೋಜಾ ಅಂದರೆ ಒಂದು ಗಂಟೆ. ಸರಿ, ಬೆಳಗ್ಗೆ ಹಾಯಾಗಿ ಮಲಗಬಹುದು ಅಂದುಕೊಂಡೆ. ರಾತ್ರಿ ಊಟಕ್ಕೆ ಕೂತಾಗ ಭಾವ ಅದನ್ನು ಕೇಳಿ ನಗಲಿಕ್ಕೆ ಶುರು ಮಾಡಿದರು. ಸ್ವಾಹಿಲಿ ಗಡಿಯಾರ ಬೆಳಕು ಹರಿದ ಮೇಲಿಂದ ಎಣಿಸುತ್ತದೆ: ಅವರ ಒಂದು ಗಂಟೆ ನಮ್ಮ ಬೆಳಗಿನ ಏಳು. ಪಂಚಾಂಗ ನೋಡಿ ಸೂರ್ಯೋದಯದಿಂದ ಗಳಿಗೆ ಎಣಿಸುತ್ತಿದ್ದ ನಮ್ಮಜ್ಜನಿಗೆ ಇವರ ಜೊತೆ ಏನೂ ತೊಂದರೆ ಆಗುತ್ತಿರಲಿಲ್ಲ.

ಎರಡನೇ ದಿನ

ಏಳಕ್ಕೆ ಜೆಟ್ಟಿಯಲ್ಲಿದ್ದೆವು. ಒಂದೇ ಹಾಯಿಯ ಮರದ ದೋಣಿ. ಹಾಯಿಯೋ, ಹಿಟ್ಟಿನ ಚೀಲಗಳನ್ನೆಲ್ಲ ಹೊಲಿದು ತೇಪೆ ಹಾಕಿದ್ದು. ದಕ್ಷಿಣದ ಗಾಳಿ ಬಲವಾಗಿಯೇ ಇತ್ತು. "ಕೂಸಿ," ಅಂದ ದೋಣಿಯವ ಬೆನ್ನು ಗಾಳಿಗೆ ಕೊಟ್ಟು. ಏಪ್ರಿಲಿನಿಂದ ಸೆಪ್ಟೆಂಬರ್ ತನಕ ಬೀಸುವುದು ಕೂಸಿ. ಡಿಸೆಂಬರ್ ಹೊತ್ತಿಗೆ ತಿರುಗಿ ಈಶಾನ್ಯದಿಂದ ಬರುವುದು ಕಸ್ಕಾಜಿ. ಈ ಕೂಸಿಯೇ ಭೂಮಧ್ಯರೇಖೆ ದಾಟಿ ಬಲಕ್ಕೆ ಹೊರಳಿ ನಮಗೆ ಮುಂಗಾರಾಗುವುದು. ಹೊನ್ನಾವರದಲ್ಲಿ ಆ ಹೊತ್ತಿಗೆ ಹೆಂಚು ಹಾರಿಸುತ್ತಿದ್ದ ಗಾಳಿ ಇಲ್ಲಿ ತೇಪೆಯ ಹಾಯಿ ತುಂಬಿಕೊಂಡು ನಮ್ಮನ್ನು ಅರ್ಧ ಗಂಟೆಯೊಳಗೆ ಆಚೆ ದಡ ಮುಟ್ಟಿಸಿತು.

ಮೊದಲು ಕಾಣುವುದು ಗೆರೆಜಾ, ನೀರಿನಂಚಿಗೇ ನಿಂತ ಚೌಕದ ಕೋಟೆ. ಸ್ವಾಹಿಲಿಯಲ್ಲಿ ಗೆರೆಜಾ ಅಂದರೆ ಜೈಲು. ಪದ ಎಲ್ಲಿಂದ ಬಂತು ಎಂದು ಗೈಡ್ ಹೇಳಿದಾಗ ನಾನೂ ಅಕ್ಕನೂ ಒಟ್ಟಿಗೆ ಬಾಯಿ ತೆರೆದೆವು. ಪೋರ್ಚುಗೀಸಿನ 'ಇಗ್ರೇಜಾ', ಚರ್ಚು. ನಮ್ಮೂರ ಕೊಂಕಣಿ ಕ್ರಿಶ್ಚಿಯನ್ನರು ಪ್ರತಿ ಭಾನುವಾರ ಹೋಗುವ 'ಇಗರ್ಜಿ' ಅದೇ! ಒಂದೇ ಪದ ಅರಬ್ಬಿ ಸಮುದ್ರದ ಆ ಕಡೆ ಪ್ರಾರ್ಥನೆಗೆ, ಈ ಕಡೆ ಬೀಗ ಜಡಿಯಲಿಕ್ಕೆ. ಕಿಲ್ವಾದವರು ಪೋರ್ಚುಗೀಸರನ್ನು ಕಂಡ ಬಗೆ ನೋಡಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ. 1502ರಲ್ಲಿ ವಾಸ್ಕೊ ಡ ಗಾಮ ಫಿರಂಗಿ ತೋರಿಸಿ ಇಲ್ಲಿಂದ ಚಿನ್ನದ ಕಪ್ಪ ವಸೂಲು ಮಾಡಿದ. ಆ ಚಿನ್ನದಲ್ಲಿ ಮಾಡಿದ ಪೂಜಾಪಾತ್ರೆ ಇವತ್ತಿಗೂ ಲಿಸ್ಬನ್ನಿನಲ್ಲಿದೆ. 1505ರ ಜುಲೈನಲ್ಲಿ ಫ್ರಾನ್ಸಿಸ್ಕೊ ದೆ ಅಲ್ಮೇಡಾ ಹಡಗುಪಡೆ ತಂದು ಊರು ಲೂಟಿ ಮಾಡಿ ಕೋಟೆ ಕಟ್ಟಿಸಿದ. ಮುಂದೆ ಮೊಂಬಾಸಾ ಸುಟ್ಟ. ಆಮೇಲೆ ಇದೇ ಕೂಸಿ ಗಾಳಿ ಹಿಡಿದು ಸೆಪ್ಟೆಂಬರಿನಲ್ಲಿ ಕಾರವಾರದ ಎದುರಿನ ಅಂಜದೀವ ದ್ವೀಪಕ್ಕೆ ಬಂದು ಅಲ್ಲೂ ಕೋಟೆ ಕಟ್ಟಿದ. ಅಕ್ಟೋಬರಿನಲ್ಲಿ ಹೊನ್ನಾವರಕ್ಕೆ ಬೆಂಕಿ ಇಟ್ಟ.

ಅಂದರೆ ಬತೂತಾ ನೋಡಿದ ಈ ಎರಡೂ ಊರಿನ ಮೇಲೆ ಅಲ್ಮೇಡಾ ಮೂರು ತಿಂಗಳ ಅಂತರದಲ್ಲಿ ದಾಳಿ ಮಾಡಿದ್ದಾನೆ. ಕಿಲ್ವಾ ಹೊನ್ನಾವರದ ಸಂಬಂಧ ಎಂದರೆ ಶಾಲೆ, ಮಸೀದಿ, ಹೊಗಳಿಕೆ ಅಷ್ಟೇ ಎಂದುಕೊಂಡು ಬಂದಿದ್ದೆ. ಈ ಎರಡನೆಯವನ ಲೆಕ್ಕ ನನ್ನ ತಲೆಯಲ್ಲಿ ಇರಲೇ ಇಲ್ಲ.

ಈಗ ನಿಂತಿರುವ ಗೆರೆಜಾ ಬಹುಪಾಲು ಪೋರ್ಚುಗೀಸರದ್ದಲ್ಲ. ಅವರು 1512ರಲ್ಲೇ ಕೋಟೆ ಬಿಟ್ಟು ಹೋದರು. 1800ರ ಆಸುಪಾಸಿನಲ್ಲಿ ಓಮಾನಿಗಳು ಕಟ್ಟಿದ್ದು ಇದು. ಸಮುದ್ರದ ಕಡೆಯ ಗೋಡೆಯನ್ನು ಅಲೆ ತಿಂದಿದೆ. ಕೊರೆತದ ಹೆದರಿಕೆಯಿಂದಲೇ ಈ ದ್ವೀಪ 2004ರಿಂದ 2014ರವರೆಗೆ ಯುನೆಸ್ಕೊದ ಅಪಾಯದ ಪಟ್ಟಿಯಲ್ಲಿತ್ತು. ಈಗ ದಡಕ್ಕೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಟ್ಟಿದ್ದಾರೆ.

ಅಲ್ಲಿಂದ ಹತ್ತು ನಿಮಿಷ ನಡೆದರೆ ದೊಡ್ಡ ಮಸೀದಿ. ಫೋಟೊದಲ್ಲಿ ಎಷ್ಟು ನೋಡಿದ್ದರೂ ಒಳಗೆ ಕಾಲಿಟ್ಟಾಗ ಮಾತು ಸಣ್ಣದಾಗುತ್ತದೆ. ಕಂಬದ ಹಿಂದೆ ಕಂಬ, ಕಮಾನಿನ ಹಿಂದೆ ಕಮಾನು, ಮೇಲೆ ಗುಮ್ಮಟ. ಕೆಲವು ಗುಮ್ಮಟ ಬಿದ್ದು ಅಲ್ಲಿ ಆಕಾಶ. ಉತ್ತರದ ಸಣ್ಣ ಭಾಗ 11–12ನೇ ಶತಮಾನದ್ದು, ದಕ್ಷಿಣದ ದೊಡ್ಡ ಭಾಗ 14ನೇ ಶತಮಾನದಲ್ಲಿ ಸೇರಿಸಿ, ಬಿದ್ದ ಮೇಲೆ ಮತ್ತೆ 15ರಲ್ಲಿ ಎಬ್ಬಿಸಿದ್ದು. ಪ್ರಾರ್ಥನೆಯ ದಿಕ್ಕು ತೋರುವ ಗೋಡೆಗೂಡು, ಮಿಹ್ರಾಬ್, ಉತ್ತರಕ್ಕಿದೆ. ಮಸೀದಿ ಅಂದರೆ ಪಶ್ಚಿಮಕ್ಕೆ ಮುಖ ಎಂಬ ನಮ್ಮೂರ ರೂಢಿಯಲ್ಲಿ ನಾನು ಸ್ವಲ್ಪ ಹೊತ್ತು ಸೂರ್ಯನನ್ನೇ ಅನುಮಾನಿಸಿದೆ. ಮೆಕ್ಕಾ ಇಲ್ಲಿಂದ ನೆಟ್ಟಗೆ ಉತ್ತರಕ್ಕೆ.

ಕಲ್ಲಿನ ಸಂಗತಿ ಇಲ್ಲೇ ಹೇಳಿಬಿಡುತ್ತೇನೆ, ನಾನು ಬಂದದ್ದೇ ಅದಕ್ಕೆ. ಇಲ್ಲಿ ಎರಡು ಬಗೆ. ಗೋಡೆಗೆ ತುಂಬಿದ್ದು ಹವಳಗಲ್ಲು: ಲಕ್ಷಾಂತರ ವರ್ಷ ಹಿಂದಿನ ಹವಳದಿಬ್ಬ ಸಮುದ್ರ ಇಳಿದು ಮೇಲೆದ್ದು ಕಲ್ಲಾಗಿದ್ದು, ಇಡೀ ದ್ವೀಪವೇ ಅದು. ಕಮಾನಿನ ಅಂಚು, ಮಿಹ್ರಾಬಿನ ಕೆತ್ತನೆ, ಬಾಗಿಲ ಚೌಕಟ್ಟು ಇವಕ್ಕೆ ಮಾತ್ರ ಸಮುದ್ರದೊಳಗಿನ ಜೀವಂತ ಹವಳ. ನೀರಿನಿಂದ ತೆಗೆದಾಗ ಅದು ಮೆತ್ತಗೆ, ಆಗಲೇ ಕೆತ್ತಬೇಕು. ಗಾಳಿಗೆ ಬಿಟ್ಟರೆ ಗಟ್ಟಿ. ನಮ್ಮ ಚಿರೆಕಲ್ಲಿನ ಗುಣವೇ! ಕ್ವಾರಿಯಲ್ಲಿ ಕೊಡಲಿಗೆ ಬಗ್ಗುತ್ತದೆ, ಅಂಗಳದಲ್ಲಿ ಎರಡು ಬೇಸಗೆ ಕಳೆದರೆ ಕೊಡಲಿಯ ಬಾಯಿ ಮುರಿಯುತ್ತದೆ. ಸುಣ್ಣವೂ ಹವಳದ್ದೇ, ಕಟ್ಟಿಗೆ ಪೇರಿಸಿ ಅದರ ಮೇಲೆ ಸುಟ್ಟು ಮಾಡಿದ್ದು. ನಮ್ಮಲ್ಲಿ ಚಿಪ್ಪಿ ಸುಟ್ಟು ಮಾಡುವ ಹಾಗೆ. ಒಂದು ಕಂಬದ ಹತ್ತಿರ ಕಣ್ಣಿಟ್ಟು ನೋಡಿದೆ. ಗಾರೆ ಉದುರಿದ ಕಡೆ ಕಲ್ಲಿನೊಳಗೆ ನಕ್ಷತ್ರದ ಆಕಾರದ ಸಾವಿರ ತೂತು, ಪ್ರತಿ ತೂತಿನಲ್ಲೂ ಒಂದು ಕಾಲದಲ್ಲಿ ಒಂದೊಂದು ಹುಳ ಬದುಕಿತ್ತು.

ಮಸೀದಿಯಿಂದ ಪೂರ್ವಕ್ಕೆ ಹಳ್ಳಿಯ ನಡುವೆಯೇ ದಾರಿ. ಮಣ್ಣಿನ ಗೋಡೆ, ತೆಂಗಿನ ಗರಿಯ ಮಾಡು, ಬಿಸಿಲಿಗೆ ಹರವಿದ ಒಣಮೀನು. ನಡುವೆ ದೈತ್ಯ ಬಾವೊಬಾಬ್‌ಗಳು, ಸವಣೂರಿನ ಮಠದಲ್ಲಿ ದೊಡ್ಡ ಹುಣಸೆ ಎಂದು ಕರೆಯುತ್ತಾರಲ್ಲ, ಅದೇ ಮರ. ಅಲ್ಲಿ ಮೂರು ಮರ ನೋಡಲು ಜನ ಬಸ್ಸು ಮಾಡಿಕೊಂಡು ಬರುತ್ತಾರೆ. ಇಲ್ಲಿ ಅದಕ್ಕೆ ಆಡು ಕಟ್ಟುತ್ತಾರೆ.

ನಡೆಯುತ್ತ ಗೈಡ್ ಒಂದು ಕಥೆ ಹೇಳಿದ. ಪರ್ಶಿಯಾದ ಶಿರಾಜಿನಿಂದ ಬಂದ ಅಲಿ ಎಂಬ ರಾಜಕುಮಾರ ಈ ದ್ವೀಪವನ್ನು ಇಲ್ಲಿಯ ಅರಸನಿಂದ ಕೊಂಡುಕೊಂಡನಂತೆ. ಬೆಲೆ ಏನು? ದ್ವೀಪವನ್ನು ಒಂದು ಸುತ್ತು ಸುತ್ತುವಷ್ಟು ಬಟ್ಟೆ. ಕಿಲ್ವಾದ ಹಳೆಯ ಬಖೈರಿನಲ್ಲೇ ಇರುವ ಕಥೆ. ಇತಿಹಾಸಕಾರರು ಅಷ್ಟಾಗಿ ನಂಬುವುದಿಲ್ಲ, ಊರು ಕಟ್ಟಿದವರು ಇಲ್ಲಿಯ ಆಫ್ರಿಕನ್ನರೇ ಎನ್ನುತ್ತಾರೆ. ಆದರೆ ಬಟ್ಟೆ ಸುಳ್ಳಲ್ಲ. ದಕ್ಷಿಣದ ಸೊಫಾಲಾದಿಂದ ಬರುವ ಚಿನ್ನ ಕಿಲ್ವಾದ ಕೈದಾಟಿ ಹೋಗುತ್ತಿತ್ತು, ಬದಲಿಗೆ ಗುಜರಾತಿನ ಹತ್ತಿಬಟ್ಟೆ, ಖಂಭಾತಿನ ಕೆಂಪು ಮಣಿ ಬರುತ್ತಿತ್ತು.

"ಎಷ್ಟು ಸೀರೆ ಬೇಕಾದೀತು?" ಅಂತ ಅಕ್ಕ.

"ನಿನ್ನ ಕಪಾಟು ಸಾಕು," ಅಂದರು ಭಾವ. ಮುಂದಿನ ಅರ್ಧ ಮೈಲಿ ಅವರಿಬ್ಬರೂ ಮಾತಾಡಲಿಲ್ಲ.

ಹುಸುನಿ ಕುಬ್ವಾ, ಅಂದರೆ ದೊಡ್ಡ ಕೋಟೆ, ಹೆಸರಿಗೆ ಕೋಟೆ, ನಿಜದಲ್ಲಿ ಅರಮನೆ. ಬತೂತಾ ಭೇಟಿಯಾದ ಸುಲ್ತಾನ ಅಲ್ ಹಸನ್ ಇಬ್ನ್ ಸುಲೈಮಾನ್ ಕಟ್ಟಿಸಿದ್ದು, ನೂರಕ್ಕೂ ಮಿಕ್ಕಿ ಕೋಣೆ. ಸಮುದ್ರಕ್ಕೆ ಚಾಚಿದ ಬಂಡೆಯ ಮೇಲಿದೆ. ಎಂಟು ಮೂಲೆಯ ಕೊಳ ಇನ್ನೂ ಹಾಗೇ ಇದೆ. ಸಿಹಿನೀರಿನ ಹೊಳೆಯೇ ಇಲ್ಲದ ದ್ವೀಪದಲ್ಲಿ ಇದನ್ನು ತುಂಬಿಸಿದವರ ಸೊಂಟ ಏನಾಗಿರಬೇಡ! ಬತೂತಾ ಮಾತ್ರ ಊರೆಲ್ಲ ಮರದ್ದು, ಹುಲ್ಲಿನ ಮಾಡು ಎಂದು ಬರೆದಿದ್ದಾನೆ, ಅರಮನೆಯ ಹೆಸರೆತ್ತಿಲ್ಲ. ಅವನಿಗೆ ದಾನ ಕೊಡುವ ಸುಲ್ತಾನನ ಕೈ ಕಂಡಷ್ಟು ಗೋಡೆ ಕಾಣಲಿಲ್ಲವೇನೋ.

ಆಗ ಪೂರ್ತಿ ಇಳಿತ. ಕೆಳಗಿನ ದಡ ಬಿಚ್ಚಿಕೊಂಡಿತ್ತು, ಇಳಿದೆವು. ಇಲ್ಲಿ ದೊಡ್ಡ ಉಬ್ಬರ ಇಳಿತದ ನಡುವೆ ಮೂರು ಮೀಟರಿಗೂ ಹೆಚ್ಚು ವ್ಯತ್ಯಾಸ. ನಮ್ಮ ಕಡೆ ಅಷ್ಟಿಲ್ಲ. ಮರಳು ಎಂಬುದೇ ಇಲ್ಲ. ಬೂದುಗಪ್ಪು ಹವಳಗಲ್ಲು, ಮೈತುಂಬ ಗುಳಿ, ಗುಳಿಯ ಅಂಚೆಲ್ಲ ಬ್ಲೇಡು. ನೀರು ಬುಡವನ್ನು ಒಳಒಳಗೆ ಕೊರೆದು ಬಂಡೆಗಳು ಅಣಬೆಯ ಹಾಗೆ ನಿಂತಿವೆ. ಗುಳಿಯಲ್ಲಿ ನಿಂತ ನೀರಿನೊಳಗೆ ಕಡಲಮುಳ್ಳಿ, ಶಂಖದ ಚಿಪ್ಪು ಹೊತ್ತ ಏಡಿ. ದೂರದಲ್ಲಿ ಹೆಂಗಸರು ಕಂಗಾ ಮೊಣಕಾಲಿಗೆ ಎತ್ತಿ ಕಟ್ಟಿ, ಕೋಲಿನಿಂದ ಬಂಡೆಯ ಸಂದು ತಿವಿಯುತ್ತ 'ಪ್ವೇಜಾ' ಹುಡುಕುತ್ತಿದ್ದರು. ಪ್ವೇಜಾ ಅಂದರೆ ಎಂಟು ಕಾಲಿನ ಆಕ್ಟೋಪಸ್.

ಕಲ್ಲಿನ ಸಂದಿನಲ್ಲಿ ಏನೋ ಹಸಿರಾಗಿ ಹೊಳೆಯಿತು. ಉಗುರಿನಷ್ಟು ಪಿಂಗಾಣಿ ಚೂರು, ನುಣ್ಣಗೆ, ಎಳೆ ಬಾಳೆಎಲೆಯ ಬಣ್ಣ. ಚೀನಾದ್ದು, ಅಂದ ಗೈಡ್. ಎತ್ತಿ ನೋಡಿ, ಅಲ್ಲೇ ಇಡಿ ಅಂತಲೂ ಅಂದ. ಅದನ್ನು ಸರಿಯಾಗಿ ನೋಡಲು ನಾನು ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗೆ ಕಾಲಿಟ್ಟಿದ್ದೆ. ಬುದ್ಧಿ ಇದ್ದವರು ಮಾಡುವ ಕೆಲಸವಲ್ಲ. ಚೂರು ವಾಪಸ್ ಇಟ್ಟು ತಿರುಗುವಾಗ ಎಡಗಾಲು ಜಾರಿತು. ನೋವು ಗೊತ್ತಾಗಲಿಲ್ಲ, ನೀರು ಕೆಂಪಾದದ್ದು ಮೊದಲು ಕಂಡಿತು. ಅಂಗಾಲಿನಲ್ಲಿ ಒಂದಿಂಚು ಸೀಳು.

"ವಿಯಾತು! ವಿಯಾತು!" ಎಂದು ಗೈಡ್ ನನ್ನ ಕೈಯಲ್ಲಿದ್ದ ಚಪ್ಪಲಿ ತೋರಿಸಿ ಬೈದ. ಔಷಧದ ಡಬ್ಬಿ ಕಾರಿನಲ್ಲಿ, ಕಾರು ಆಚೆ ದಡದಲ್ಲಿ.

ಊಟಕ್ಕೆ ಹೇಳಿಟ್ಟಿದ್ದ ಮನೆಯ ಯಜಮಾನಿ, ಅಕ್ಕ ಅವಳಿಗೆ "ಶಿಕಾಮೂ" ಅಂದಳು, ಹಿರಿಯರಿಗೆ ಹೇಳುವ ನಮಸ್ಕಾರ ಅದು. ಆಕೆ "ಮರಹಬಾ" ಅಂದು ನನ್ನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡು ನಿಂಬೆ ಹಿಂಡಿದಳು. ನನ್ನ ಕೂಗಿಗೆ ಅಂಗಳದ ಕೋಳಿಗಳು ಚದುರಿದವು. ಆಮೇಲೆ ಬಟ್ಟೆ ಕಟ್ಟಿ, ಏನೂ ಆಗದವಳಂತೆ ಹೋಗಿ ಕಾಯಿ ಹೆರೆಯಲು ಕುಳಿತಳು. ಮಡಚುವ ಸಣ್ಣ ಮಣೆ, ತುದಿಯಲ್ಲಿ ಹಲ್ಲಿನ ಅಲಗು. ನಮ್ಮ ಹೆರೆಮಣೆಯೇ! ಇದಕ್ಕೇನಂತಾರೆ ಎಂದು ಅಕ್ಕನಿಂದ ಕೇಳಿಸಿದೆ. "ಮ್ಬೂಜಿ." ಮ್ಬೂಜಿ ಅಂದರೆ ಆಡು. ಸವಾರಿ ಮಾಡಿದ ಹಾಗೆ ಮೇಲೆ ಕೂರುತ್ತಾರಲ್ಲ, ಅದಕ್ಕೇ ಇರಬೇಕು. ಕಾಯಿಹಾಲಿನ ಅನ್ನ, ಹುರಿದ ಮೀನು, ಹುಳಿಮಾವಿನ ಉಪ್ಪಿನಕಾಯಿಗೆ 'ಅಚಾರಿ'. ಮೀನು ತಿನ್ನದ ಭಾವನಿಗೆ ಬದನೆಕಾಯಿ.

ಮೂರನೇ ದಿನ

ಕುಂಟುತ್ತ ಸೊಂಗೊ ಮ್ನಾರಾಕ್ಕೆ. ಇದು ಇನ್ನೊಂದು ದ್ವೀಪ, ಮೋಟಾರು ದೋಣಿಯಲ್ಲಿ ಒಂದೂವರೆ ತಾಸಿನ ಮೇಲೆ ಹಿಡಿಯಿತು. ಕಿಲ್ವಾದ ಜೊತೆಗೇ 1981ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ್ದು. ದಡಕ್ಕೆ ದೋಣಿ ಬರುವುದಿಲ್ಲ. ಕಾಂಡ್ಲಾ ಕಾಡಿನ ನಡುವೆ ಮೊಣಕಾಲುದ್ದ ಕೆಸರು ದಾಟಬೇಕು. ನನ್ನ ಪಟ್ಟಿ ಕಟ್ಟಿದ ಕಾಲಿಗೆ ಅದು ಆಗದು. ಭಾವ ಬಗ್ಗಿ ಬೆನ್ನು ಕೊಟ್ಟರು. ನಲವತ್ತೆರಡು ವಯಸ್ಸಿನಲ್ಲಿ ಭಾವನ ಉಪ್ಪಿನ ಮೂಟೆಯಾದೆ. ಅಕ್ಕ ವಿಡಿಯೊ ಮಾಡಿದಳು, ಮನೆಯ ವಾಟ್ಸಾಪ್ ಗುಂಪಿಗೆ ಅಲ್ಲಿಂದಲೇ ಹಾಕುವ ಹವಣಿಕೆ. ಪುಣ್ಯಕ್ಕೆ ಸಿಗ್ನಲ್ ಇರಲಿಲ್ಲ.

ಕಿಲ್ವಾದಲ್ಲಿ ಮಸೀದಿ, ಅರಮನೆ ನೋಡಿದರೆ ಇಲ್ಲಿ ಮನೆ ನೋಡಬೇಕು. ಐದು ಮಸೀದಿ, ಒಂದು ಅರಮನೆ, ಸುಮಾರು 33 ಮನೆಗಳ ಊರು. 14ನೇ ಶತಮಾನದ ಕೊನೆಗೆ ಎದ್ದು 16ರಲ್ಲಿ ಖಾಲಿಯಾಯಿತು. ಬಾಗಿಲು ದಾಟಿದರೆ ತಗ್ಗಿನ ಅಂಗಳ, ಕುಳಿತು ಮಾತಾಡಲು ಸುತ್ತ ಕಲ್ಲಿನ ಕಟ್ಟೆ, ಆಮೇಲೆ ಒಂದರ ಹಿಂದೆ ಒಂದು ಉದ್ದುದ್ದ ಕೋಣೆ. ಕೋಣೆಗಳೆಲ್ಲ ಯಾಕಿಷ್ಟು ಇಕ್ಕಟ್ಟು ಎಂದು ಕೇಳಿದೆ. ಗೈಡ್ ಮಾತಾಡದೆ ನಾವು ದಾಟಿ ಬಂದ ಕಾಂಡ್ಲಾ ಕಾಡಿನ ಕಡೆ ಕೈ ತೋರಿಸಿದ. ಮಾಡಿನ ತೊಲೆ ಕಾಂಡ್ಲಾದ್ದು, 'ಬೊರಿತಿ'. ಅದು ನೆಟ್ಟಗೆ ಸಿಗುವುದೇ ಎರಡೂವರೆ ಮೂರು ಮೀಟರು. ಎಷ್ಟು ಚಿನ್ನ ಇದ್ದರೂ ಮನೆಯ ಅಗಲ ಮಾತ್ರ ಕಾಂಡ್ಲಾ ಹೇಳಿದಷ್ಟು.

ಒಳಕೋಣೆಯ ಗೋಡೆಯಲ್ಲಿ ಸಾಲು ಗೂಡುಗಳು. ಪಿಂಗಾಣಿ ಇಡಲಿಕ್ಕೆ, ದೀಪ ಇಡಲಿಕ್ಕೆ. ಒಂದರೊಳಗೆ ಕೈ ಹಾಕಿದೆ. ಗಾರೆ ಅಷ್ಟು ನಯ, ತಂಪು. ಅಜ್ಜನ ಮನೆಯ ಗೂಡಿನಲ್ಲಿ ನಾವು ಚಿಮಣಿ ಎಣ್ಣೆ ದೀಪ ಇಡುತ್ತಿದ್ದುದು, ಮೇಲೆ ಹಿಡಿದ ಮಸಿ ನೆನಪಾಗಿ ಇಣುಕಿ ನೋಡಿದೆ. ಮಸಿ ಇರಲಿಲ್ಲ. ಒಂದು ಹಲ್ಲಿ ಇತ್ತು.

ನಾಲ್ಕನೇ ದಿನ

ವಾಪಸ್ ದಾರಿಯಲ್ಲಿ ಕಿಲ್ವಾ ಕಿವಿಂಜೆ. ದ್ವೀಪದ ಕಿಲ್ವಾ ಬಡವಾದ ಮೇಲೆ 19ನೇ ಶತಮಾನದಲ್ಲಿ ಬೆಳೆದ ಬಂದರು, ಬೆಳೆದದ್ದು ಮುಖ್ಯವಾಗಿ ಗುಲಾಮರ ಮಾರಾಟದಿಂದ. ಒಳನಾಡಿನಿಂದ ಸರಪಳಿ ಹಾಕಿ ನಡೆಸಿ ತಂದವರನ್ನು ಇಲ್ಲಿಂದ ಹಡಗು ಹತ್ತಿಸುತ್ತಿದ್ದರು. ಯಲ್ಲಾಪುರ, ಹಳಿಯಾಳದ ನಮ್ಮ ಸಿದ್ದಿಗಳ ಹಿರಿಯರನ್ನು ಪೋರ್ಚುಗೀಸರು ಗೋವೆಗೆ ತಂದದ್ದೂ ಇದೇ ಪೂರ್ವ ಆಫ್ರಿಕಾದ ಕರಾವಳಿಯಿಂದ. ಯಲ್ಲಾಪುರದಲ್ಲಿ ನನ್ನ ಜೊತೆ ಟಿಸಿಎಚ್ ಓದಿದ ಗೆಳತಿಯ ಮುಖದ ಹಾಗೇ ಇದ್ದ ಹುಡುಗಿಯೊಬ್ಬಳು ಅಲ್ಲಿ ಗುಂಡಿಕಾವಲಿಯಲ್ಲಿ 'ವಿತುಂಬುವಾ' ಸುಡುತ್ತಿದ್ದಳು: ಅಕ್ಕಿ, ತೆಂಗಿನಹಾಲು, ಸಕ್ಕರೆಯ ಪಡ್ಡು. ಹತ್ತು ಕಟ್ಟಿಸಿಕೊಂಡೆವು. ಅವಳ ಫೋಟೊ ತೆಗೆಯಬೇಕು ಅನ್ನಿಸಿತು, ಯಾಕೋ ಕೇಳಲಾಗಲಿಲ್ಲ.

ಜರ್ಮನರು ಇಲ್ಲಿಂದ ಆಳುತ್ತಿದ್ದಾಗ ಒತ್ತಾಯದ ಹತ್ತಿ ಬೇಸಾಯದ ವಿರುದ್ಧ 1905ರಲ್ಲಿ ಮಾಜಿ ಮಾಜಿ ದಂಗೆ ಹತ್ತಿರದ ಮಾತುಂಬಿ ಗುಡ್ಡಗಳಲ್ಲಿ ಎದ್ದಿತು. 'ಮಾಜಿ' ಅಂದರೆ ನೀರು. ಮಂತ್ರಿಸಿದ ನೀರು ಹಚ್ಚಿಕೊಂಡರೆ ಗುಂಡು ನೀರಾಗುತ್ತದೆ ಎಂದು ನಂಬಿದ್ದರು. ಗುಂಡು ಗುಂಡಾಗಿಯೇ ಉಳಿಯಿತು. ಜರ್ಮನರು ಬೆಳೆಗೆ ಬೆಂಕಿ ಹಚ್ಚಿ ಬರಗಾಲ ತಂದರು. ಸತ್ತವರ ಅಂದಾಜು 75,000ದಿಂದ ಮೂರು ಲಕ್ಷದವರೆಗೆ. ನೇಣಿಗೇರಿದವರ ನೆನಪಿಗೆ ಊರಲ್ಲಿ ಒಂದು ಕಲ್ಲಿದೆ. ಅದರ ಮುಂದೆ ನಿಂತು, ಕಾರು ಹತ್ತಿದೆವು. ರುಫಿಜಿ ಬರುವ ತನಕ ಯಾರೂ ಪಡ್ಡಿನ ಪೊಟ್ಟಣ ಬಿಚ್ಚಲಿಲ್ಲ.

ಸೇತುವೆಯ ಹತ್ತಿರ ಸಿಗ್ನಲ್ ಸಿಕ್ಕಿತು, ಉಪ್ಪಿನ ಮೂಟೆಯ ವಿಡಿಯೊ ಹೋಯಿತು, ಎರಡೇ ನಿಮಿಷಕ್ಕೆ ಹೊನ್ನಾವರದಿಂದ ಆಯಿಯ ಫೋನು. ಮೊದಲು ಕಾಲಿನ ವಿಚಾರಣೆ. ಆಮೇಲೆ ಅಲ್ಲಿಯ ವರದಿ: ರಾತ್ರಿಯಿಡೀ ಮಳೆ, ಕರೆಂಟಿಲ್ಲ, ತೋಟದಲ್ಲಿ ಎರಡು ಅಡಿಕೆಮರ ಮುರಿದಿವೆ.

"ನಿಮ್ಮಲ್ಲಿ ಗಾಳಿ ಹೆಂಗಿದ್ದು?"

"ಜೋರಿದೆ ಆಯಿ. ಈಗಷ್ಟೇ ಇಲ್ಲಿಂದ ಹೊರಟಿದೆ, ನಾಲ್ಕೈದು ದಿನಕ್ಕೆ ನಿನ್ನಲ್ಲಿಗೆ ಬರ್ತದೆ."

ಆ ಕಡೆ ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ.

"ಹಂಗಾರೆ ಕಿಟಕಿ ಹಾಕ್ತೆ, ತಡೆ," ಅಂದಳು ಆಯಿ.